ಕಣ್ಣಿನ ಆರೈಕೆ: ದಿನನಿತ್ಯ ಪಾಲಿಸಬೇಕಾದ ಅಭ್ಯಾಸಗಳು



ದೃಷ್ಟಿ ಕಡಿಮೆಯಾಗಲು ಕಾರಣಗಳು ಹಲವು. ಪೊರೆ ಬಂದು ಮಂಜಾದ ಕಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿ ಕೃತಕ ಮಸೂರ ಜೋಡಿಸಿದರೆ ಸಾಮಾನ್ಯವಾಗಿ ದೃಷ್ಟಿ ಮರಳುತ್ತದೆ. ಆದರೆ ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳುವುದಿಲ್ಲ. ಸುಣ್ಣ ಬಿದ್ದು ಸುಟ್ಟ ಕಣ್ಣು, ಹುಣ್ಣಾಗಿ ಬಿಳಿ ಕಲೆ ಉಳಿದ ಕಣ್ಣು ಮೊದಲಿನಂತಾಗುವುದು ಬಹಳ ಕಷ್ಟ. ಇಂಥ ನಷ್ಟವನ್ನು ತಡೆಯುವುದು ಬಹುಮಟ್ಟಿಗೆ ನಮ್ಮ ಅಭ್ಯಾಸಗಳಲ್ಲೇ ಇದೆ.

ಸ್ವಚ್ಛತೆ

ದಿನವೂ ಶುದ್ಧ ನೀರಿನಿಂದ ಮುಖ ತೊಳೆಯಿರಿ. ಕೈ ತೊಳೆಯದೆ ಕಣ್ಣು ಮುಟ್ಟಬೇಡಿ, ಉಜ್ಜಬೇಡಿ. ಟವೆಲ್, ಕರವಸ್ತ್ರ ಪ್ರತಿಯೊಬ್ಬರಿಗೂ ಬೇರೆಯಿರಲಿ. ಮನೆಯಲ್ಲಿ ಒಬ್ಬರಿಗೆ ಕಣ್ಣುಬೇನೆ ಬಂದಾಗ ಇದು ಇನ್ನೂ ಮುಖ್ಯ.

ಆಹಾರ

ನುಗ್ಗೆ ಸೊಪ್ಪು, ಹರಿವೆ ಸೊಪ್ಪು, ಗಜ್ಜರಿ, ಪಪ್ಪಾಯಿ, ಮಾವಿನಹಣ್ಣು, ಹಾಲು ಇವುಗಳಿಂದ ಎ ಜೀವಸತ್ವ ದೊರೆಯುತ್ತದೆ. ಸೊಪ್ಪಿನ ಪಲ್ಯಕ್ಕೆ ಸ್ವಲ್ಪ ಎಣ್ಣೆ ಅಥವಾ ತುಪ್ಪ ಸೇರಿಸಿದರೆ ಅದು ದೇಹಕ್ಕೆ ಚೆನ್ನಾಗಿ ಸೇರುತ್ತದೆ. ಮಕ್ಕಳಿಗೆ 9 ತಿಂಗಳಿನಿಂದ 5 ವರ್ಷದವರೆಗೆ ಆರು ತಿಂಗಳಿಗೊಮ್ಮೆ ಕೊಡುವ ಎ ಜೀವಸತ್ವದ ದ್ರಾವಣವನ್ನು ತಪ್ಪಿಸಬೇಡಿ. ಮಗು ಮುಸ್ಸಂಜೆಯಲ್ಲಿ ಎಡವುತ್ತಿದ್ದರೆ ಕೂಡಲೇ ವೈದ್ಯರಿಗೆ ತೋರಿಸಿ. ಬೀಡಿ, ಸಿಗರೇಟು ಸೇದುವವರಿಗೆ ಪೊರೆ ಬರುವ ಸಂಭವ ಹೆಚ್ಚು.

ಹೊಲದ ಕೆಲಸ

ಕಬ್ಬಿನ ರವದಿ, ಭತ್ತದ ಹೊಟ್ಟು, ಜೋಳದ ಗರಿ ಕಣ್ಣಿಗೆ ತಾಗಿದರೆ ಕಪ್ಪುಗುಡ್ಡೆಯ ಮೇಲೆ ಸಣ್ಣ ಗಾಯವಾಗುತ್ತದೆ. ಅದರಲ್ಲಿ ಶಿಲೀಂಧ್ರ ಬೆಳೆದು ಹುಣ್ಣಾಗಬಹುದು. ಕಟಾವು, ರಾಶಿ, ವೆಲ್ಡಿಂಗ್ ಕೆಲಸಗಳಲ್ಲಿ ತಕ್ಕ ರಕ್ಷಣಾ ಕನ್ನಡಕ ಧರಿಸಿ. ಕಸ ಬಿದ್ದರೆ ಶುದ್ಧ ನೀರಿನಲ್ಲಿ ತೊಳೆಯಿರಿ. ನಾಲಿಗೆಯಿಂದ ಕಸ ತೆಗೆಸುವುದು, ಎದೆಹಾಲು, ಜೇನುತುಪ್ಪ, ಹರಳೆಣ್ಣೆ, ಸೊಪ್ಪಿನ ರಸ ಹಾಕುವುದು ಬೇಡ. ನೋವು, ಕೆಂಪು, ಮಂಜು ಕಂಡರೆ ಅದೇ ದಿನ ವೈದ್ಯರ ಬಳಿ ಬನ್ನಿ.

ಸುಣ್ಣದ ಅಪಾಯ

ಎಲೆ ಅಡಿಕೆಯ ಸುಣ್ಣದ ಡಬ್ಬಿ, ಪೊಟ್ಟಣಗಳು ಮಕ್ಕಳ ಕೈಗೆ ಸಿಗದಂತೆ ಇಡಿ. ಪೊಟ್ಟಣ ಅದುಮಿದಾಗ ಸುಣ್ಣ ಸಿಡಿದು ಕಣ್ಣು ಸುಡುತ್ತದೆ. ಹಾಗಾದಲ್ಲಿ ಮೊದಲು ನೀರು, ಆಮೇಲೆ ಆಸ್ಪತ್ರೆ. ಕಣ್ಣು ತೆರೆದು ಹಿಡಿದು ಅರ್ಧ ಗಂಟೆ ನೀರು ಹರಿಸಿ, ನಂತರ ತಡಮಾಡದೆ ಕರೆತನ್ನಿ.

ಔಷಧಿ ಅಂಗಡಿಯ ಹನಿಗಳು

ವೈದ್ಯರ ಚೀಟಿಯಿಲ್ಲದೆ ಕಣ್ಣಿನ ಹನಿ ಕೊಂಡು ಹಾಕಬೇಡಿ. ಕೆಲವು ಹನಿಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಹಾಕಿದ ಕೂಡಲೇ ಕೆಂಪು ಇಳಿದು ಗುಣವಾದಂತೆ ಕಾಣುತ್ತದೆ. ಆದರೆ ಒಳಗೆ ಹುಣ್ಣು ಉಲ್ಬಣಿಸಬಹುದು. ಬಹುದಿನ ಬಳಸಿದರೆ ಗ್ಲಾಕೋಮಾ, ಪೊರೆ ಬರಬಹುದು. ಪಕ್ಕದ ಮನೆಯವರ ಹನಿಯೂ ಬೇಡ.

ಓದು, ಟಿ.ವಿ., ಮೊಬೈಲ್

ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ. ಆಗಾಗ ಕಣ್ಣು ಮಿಟುಕಿಸಿ. ಮಕ್ಕಳು ದಿನವೂ ಬಯಲಿನಲ್ಲಿ ಆಡಲಿ. ಹಲಗೆಯ ಅಕ್ಷರ ಕಾಣುವುದಿಲ್ಲ ಎಂದರೆ ಗದರಿಸದೆ ಕಣ್ಣು ಪರೀಕ್ಷೆ ಮಾಡಿಸಿ.

ನೋವಿಲ್ಲದಿದ್ದರೂ ತಪಾಸಣೆ

ಸಕ್ಕರೆ ಕಾಯಿಲೆ ಇರುವವರು ದೃಷ್ಟಿ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಕಣ್ಣಿನ ಒಳಪರದೆಯ ಪರೀಕ್ಷೆ ಮಾಡಿಸಲೇಬೇಕು. ಗ್ಲಾಕೋಮಾ ಬಹುತೇಕ ನೋವಿಲ್ಲದೆ, ಸದ್ದಿಲ್ಲದೆ ಬದಿಯ ನೋಟವನ್ನು ಕಸಿಯುತ್ತದೆ. ಮನೆಯಲ್ಲಿ ಒಬ್ಬರಿಗೆ ಇದ್ದರೆ ಒಡಹುಟ್ಟಿದವರೂ ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳಬೇಕು. 40 ದಾಟಿದ ಎಲ್ಲರಿಗೂ ತಪಾಸಣೆ ಒಳ್ಳೆಯದು.

ಈಗಲೇ ಮಾಡಿ ನೋಡಿ

ಒಂದು ಕಣ್ಣು ಕುಂದಿದರೂ ಇನ್ನೊಂದು ಅದನ್ನು ಮರೆಮಾಚುತ್ತದೆ. ಆದ್ದರಿಂದ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಎದುರಿನ ಗೋಡೆಯ ಕ್ಯಾಲೆಂಡರನ್ನು ನೋಡಿ. ಬಳಿಕ ಇನ್ನೊಂದನ್ನು ಮುಚ್ಚಿ ನೋಡಿ. ವ್ಯತ್ಯಾಸ ಕಂಡರೆ ವೈದ್ಯರಿಗೆ ತಿಳಿಸಿ. ಕಾಣದಿದ್ದರೂ ಮೇಲೆ ಹೇಳಿದ ತಪಾಸಣೆ ಬಿಡಬೇಡಿ. ರೋಗಿಯನ್ನು ಕರೆತಂದ ಬಂಧುಗಳೇ, ಸರದಿಗಾಗಿ ಕಾಯುವ ಈ ವೇಳೆಯಲ್ಲಿ ತಮ್ಮ ಕಣ್ಣುಗಳ ಕಡೆಗೂ ಒಮ್ಮೆ ಗಮನ ಕೊಡಿ.