ಇನ್‌ಸೆಕ್ಯೂರ್ ರಿಕ್ವೆಸ್ಟ್ ವಾರ್ನಿಂಗ್: ಸರಿಯಾಗಿ ತೆಗೆಯೋದು ಹೇಗೆ?

ಮಳೆಗಾಲ ಬಂತು ಅಂದರೆ ನಂಜನಗೂಡಿನವರದ್ದು ಒಂದೇ ಪ್ರಶ್ನೆ: ಕಪಿಲೆ ಎಷ್ಟು ಏರಿದೆ? 2019ರ ಆಗಸ್ಟ್‌ನಲ್ಲಿ ಕಬಿನಿ ಡ್ಯಾಮಿನಿಂದ ನೀರು ಬಿಟ್ಟಾಗ ಮಲ್ಲನಮೂಲೆ ಮಠದ ಹತ್ತಿರ ಮೈಸೂರು ರಸ್ತೆಗೇ ನೀರು ಬಂದಿತ್ತು. ಅದಕ್ಕೇ ನಾನು, ಟಿ. ನರಸೀಪುರದ ನನ್ನ ಫ್ರೆಂಡು ಸೇರಿ ನದಿ ಪಕ್ಕದ ಮಾವನ ಮನೆ ಹಿತ್ತಲಲ್ಲಿ ಒಂದು ರಾಸ್‌ಬೆರಿ ಪೈ, ಒಂದು ಅಲ್ಟ್ರಾಸಾನಿಕ್ ಸೆನ್ಸರ್ ಇಟ್ಟೆವು. ನೀರು ಎಷ್ಟು ಅಡಿ ಕೆಳಗಿದೆ ಅಂತ ಅದು ಅಳೆಯುತ್ತೆ. ನನ್ನ ಲ್ಯಾಪ್‌ಟಾಪಿನ ಪೈಥಾನ್ ಸ್ಕ್ರಿಪ್ಟ್ ಅದನ್ನು ಎಚ್‌ಟಿಟಿಪಿಎಸ್ ಮೂಲಕ ಓದಿ, ನೀರು ಹತ್ತಿರ ಬಂದರೆ ಮಾವನಿಗೆ ಮೆಸೇಜ್ ಕಳಿಸುತ್ತೆ.

ಮೊದಲ ಸಲ ರನ್ ಮಾಡಿದಾಗಲೇ ಎರರ್: ಸರ್ಟಿಫಿಕೇಟ್ ವೆರಿಫೈ ಆಗಲಿಲ್ಲ. ಕಾರಣ ಸುಲಭ. ಪೈಯ ಸರ್ಟಿಫಿಕೇಟನ್ನು ನಾವೇ ಮಾಡಿ ನಾವೇ ಸಹಿ ಹಾಕಿದ್ದೆವು. ‘ರಿಕ್ವೆಸ್ಟ್ಸ್’ ಮಾಡ್ಯೂಲ್ ತನ್ನ ಪಟ್ಟಿಯಲ್ಲಿರುವ ಸಂಸ್ಥೆಗಳ ಸಹಿಯನ್ನು ಮಾತ್ರ ನಂಬುತ್ತೆ. ನಾನು ‘ವೆರಿಫೈ’ಗೆ ‘ಫಾಲ್ಸ್’ ಕೊಟ್ಟೆ. ಎರರ್ ಹೋಯ್ತು, ಅದರ ಜಾಗದಲ್ಲಿ ಪ್ರತಿ ರಿಕ್ವೆಸ್ಟಿಗೂ ಇನ್‌ಸೆಕ್ಯೂರ್ ರಿಕ್ವೆಸ್ಟ್ ವಾರ್ನಿಂಗ್ ಬರೋಕೆ ಶುರುವಾಯ್ತು. ‘ಡಿಸೇಬಲ್ ವಾರ್ನಿಂಗ್ಸ್’ ಅಂತ ಒಂದು ಸಾಲು ಹಾಕಿದೆ. ಅದೂ ಹೋಯ್ತು. ಖುಷಿಯಾಗಿ ಫ್ರೆಂಡಿಗೆ ತೋರಿಸಿದೆ.

ಅವನು ತನ್ನ ಲ್ಯಾಪ್‌ಟಾಪಿನಿಂದ ಹಾಟ್‌ಸ್ಪಾಟ್ ಆನ್ ಮಾಡಿ, ನನ್ನನ್ನು ಅದಕ್ಕೆ ಕನೆಕ್ಟ್ ಮಾಡಿಸಿ, ನಮ್ಮ ಪೈ ಹೆಸರು ಕೇಳಿದರೆ ತನ್ನದೇ ಅಡ್ರೆಸ್ ಹೋಗುವ ಹಾಗೆ ಸೆಟ್ ಮಾಡಿದ. ಅಲ್ಲೊಂದು ಡೂಪ್ಲಿಕೇಟ್ ಸರ್ವರ್ ಓಡಿಸಿದ. ಪೈ ಲೆಕ್ಕದಲ್ಲಿ ನೀರು 9 ಅಡಿ ಕೆಳಗಿತ್ತು. ನನ್ನ ಸ್ಕ್ರಿಪ್ಟ್ 30 ಅಡಿ ಅಂತ ಓದಿತು. ವಾರ್ನಿಂಗ್ ಇಲ್ಲ, ಎರರ್ ಇಲ್ಲ.

“ಮಗಾ, ಪ್ರವಾಹದ ದಿನ ಹಿಂಗಾದ್ರೆ ನಿಮ್ಮ ಮಾವ ಮಲಗೇ ಇರ್ತಾರಲ್ಲೋ,” ಅಂದ.

ಎಚ್‌ಟಿಟಿಪಿಎಸ್ ಎರಡು ಕೆಲಸ ಮಾಡುತ್ತೆ: ಮಾತನ್ನು ಗುಟ್ಟಾಗಿಡೋದು, ಆ ಕಡೆ ಇರೋದು ಯಾರು ಅಂತ ನೋಡೋದು. ‘ಫಾಲ್ಸ್’ ಕೊಟ್ಟರೆ ಎರಡನೆಯದು ನಿಂತುಹೋಗುತ್ತೆ. ಗುಟ್ಟನ್ನು ಕಿವಿಯಲ್ಲೇ ಹೇಳ್ತೀವಿ, ಯಾರ ಕಿವಿ ಅಂತ ನೋಡಲ್ಲ. ಪೈಥಾನಿನ ಸ್ವಂತ ಲೈಬ್ರರಿಯೂ ಮೊದಲು ಹೀಗೇ ಇತ್ತು. 2014ರ ಡಿಸೆಂಬರ್‌ನಲ್ಲಿ ಬಂದ 2.7.9 ಆವೃತ್ತಿಯಿಂದ ಈ ತಪಾಸಣೆ ಡಿಫಾಲ್ಟ್ ಆಯ್ತು.

ನಾವು ಸರಿಮಾಡಿದ್ದು ಹೀಗೆ:

1. ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹೊಸ ಸರ್ಟಿಫಿಕೇಟ್ ಮಾಡಿದೆವು. ಸ್ಕ್ರಿಪ್ಟ್ ಯಾವ ಹೆಸರಿನಿಂದ ಪೈಯನ್ನು ಕರೆಯುತ್ತೋ ಅದೇ ಹೆಸರು ‘ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್’ ಜಾಗದಲ್ಲಿ ಇರಲೇಬೇಕು.

2. ಅವಧಿಯನ್ನು ನಾವೇ ಕೊಟ್ಟೆವು. ಕೊಡದಿದ್ದರೆ 30 ದಿನಕ್ಕೇ ಮುಗಿಯುತ್ತೆ. ಜೂನಿನಲ್ಲಿ ಮಾಡಿದ್ದು ಆಗಸ್ಟಿಗೆ ಇರಲ್ಲ.

3. ಸರ್ಟಿಫಿಕೇಟ್ ಫೈಲನ್ನು ಮಾತ್ರ ಲ್ಯಾಪ್‌ಟಾಪಿಗೆ ಕಾಪಿ ಮಾಡಿದೆವು. ಪ್ರೈವೇಟ್ ಕೀ ಪೈ ಬಿಟ್ಟು ಆಚೆ ಬರಬಾರದು.

4. ‘ವೆರಿಫೈ’ಗೆ ‘ಫಾಲ್ಸ್’ ಬದಲು ಆ ಫೈಲಿನ ದಾರಿ ಕೊಟ್ಟೆವು. ‘ಡಿಸೇಬಲ್ ವಾರ್ನಿಂಗ್ಸ್’ ಸಾಲು ಅಳಿಸಿದೆವು.

5. ಡೂಪ್ಲಿಕೇಟ್ ಸರ್ವರ್ ಮತ್ತೆ ಓಡಿಸಿದೆವು. ಈ ಸಲ ಸ್ಕ್ರಿಪ್ಟ್ ಎರರ್ ಕೊಟ್ಟು ನಿಂತಿತು.

ಐದನೆಯದನ್ನು ಬಿಡಬೇಡಿ. ವಾರ್ನಿಂಗ್ ಕಾಣದಿರೋದು ನಾಲ್ಕನೇ ಹೆಜ್ಜೆಯಿಂದಲೂ ಆಗುತ್ತೆ, ನನ್ನ ಆ ಒಂದು ಸಾಲಿಂದಲೂ ಆಗುತ್ತೆ. ಎರಡಕ್ಕೂ ವ್ಯತ್ಯಾಸ ಗೊತ್ತಾಗೋದು ಸುಳ್ಳು ಸರ್ವರ್ ಎದುರು ನಿಲ್ಲಿಸಿದಾಗಲೇ.

ಕೊನೆಗೆ ಇನ್ನೊಂದು ಸೇರಿಸಿದೆವು: ಸ್ಕ್ರಿಪ್ಟ್ ಎರರ್ ಕೊಟ್ಟು ನಿಂತರೂ ಮಾವನಿಗೆ ಮೆಸೇಜ್ ಹೋಗುತ್ತೆ, “ಲೆಕ್ಕ ಸಿಗ್ತಿಲ್ಲ, ನೀವೇ ಒಂದ್ಸಲ ಹಿತ್ತಲಿಗೆ ಹೋಗಿ ನೋಡಿ ಮಾವ” ಅಂತ.