ಹಳೆಯ ಟ್ರ್ಯಾಕ್ಟರಿಗೆ ದೊಡ್ಡ ಎಂಜಿನ್ ಬೇಕೇ?

ಕಬ್ಬಿನ ಟ್ರೈಲರು ಏರಿನಲ್ಲಿ ನಿಂತುಬಿಟ್ಟರೆ, ಹೆಚ್ಚು ಶಕ್ತಿಯ ಎಂಜಿನ್ ಕೂರಿಸುವ ಯೋಚನೆ ರೈತರಿಗೆ ಬರುವುದು ಸಹಜ. ಹಣ ಹಾಕುವ ಮೊದಲು ಲೆಕ್ಕ ನೋಡಿರಿ. ಟ್ರ್ಯಾಕ್ಟರು 2 ಟನ್, ಹೇರು ಸಹಿತ ಟ್ರೈಲರು 8 ಟನ್ ಎನ್ನೋಣ. ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಸುಮಾರು 200 ಕಿಲೋ ಎಳೆತ ಸಾಕು. 20 ಅಡಿಗೆ 1 ಅಡಿ ಏರಿದ್ದರೆ ಇನ್ನೂ 500 ಕಿಲೋ ಬೇಕು. ಈ 700 ಕಿಲೋ ಎಳೆತಕ್ಕೆ ಗಂಟೆಗೆ 10 ಕಿ.ಮೀ. ವೇಗದಲ್ಲಿ ಚಕ್ರಗಳಿಗೆ 26 ಅಶ್ವಶಕ್ತಿ ತಲುಪಬೇಕು; 5 ಕಿ.ಮೀ. ವೇಗದಲ್ಲಾದರೆ 13 ಸಾಕು. ಸುಸ್ಥಿತಿಯಲ್ಲಿರುವ 35 ಅಶ್ವಶಕ್ತಿಯ ಎಂಜಿನ್ ಲೋ ಗೇರಿನಲ್ಲಿ ಇದನ್ನು ಧಾರಾಳವಾಗಿ ಎಳೆಯುತ್ತದೆ. ಎಳೆಯದಿದ್ದರೆ ಏರ್ ಕ್ಲೀನರ್, ಡೀಸೆಲ್ ಫಿಲ್ಟರ್, ಇಂಜೆಕ್ಟರ್, ಕ್ಲಚ್ಚುಗಳನ್ನು ಮೊದಲು ಪರೀಕ್ಷಿಸಿರಿ.

ಕೆಸರು ದಾರಿಯ ಮಾತೇ ಬೇರೆ. ಅಲ್ಲಿ ಕೊರತೆ ಹಿಡಿತದ್ದು. ಎಂಜಿನ್ ದೊಡ್ಡದಾದಷ್ಟೂ ಚಕ್ರ ಬೇಗ ಜಾರುತ್ತದೆ! ಹಿಂದಿನ ಟೈರುಗಳಿಗೆ ಮುಕ್ಕಾಲು ಭಾಗ ನೀರು ತುಂಬಿಸುವುದು ಅಗ್ಗದ ಉಪಾಯ.

ದೊಡ್ಡ ಎಂಜಿನ್ ಬಂದರೂ ಗೇರ್ ಬಾಕ್ಸು, ಹಿಂದಿನ ಆಕ್ಸಲ್ಲು, ಬ್ರೇಕು ಹಳೆಯವೇ. ಹೇರು ಹೆಚ್ಚಿಸಿದರೆ ಇಳಿಜಾರಿನಲ್ಲಿ ಟ್ರೈಲರೇ ಟ್ರ್ಯಾಕ್ಟರನ್ನು ತಳ್ಳುತ್ತದೆ. ರಸ್ತೆಯಲ್ಲಿ ಎರಡೂ ಬ್ರೇಕ್ ಪೆಡಲುಗಳಿಗೆ ಕೊಂಡಿ ಹಾಕಿರಬೇಕು. ಏರಿದ ಗೇರಿನಲ್ಲೇ ಇಳಿಯಬೇಕು, ನ್ಯೂಟ್ರಲ್ ಕೂಡದು. ಎಂಜಿನ್ ಬದಲಿಸಲೇಬೇಕಾದರೆ ಪ್ರಾದೇಶಿಕ ಸಾರಿಗೆ ಕಚೇರಿಯ ಅನುಮತಿಯನ್ನು ಮೊದಲೇ ಪಡೆದು, ಹೊಸ ಎಂಜಿನ್ ಸಂಖ್ಯೆಯನ್ನು ನೋಂದಣಿ ಪತ್ರದಲ್ಲಿ ಬರೆಸಿಕೊಳ್ಳಿರಿ.