ತುಕ್ಕು, ಕಿಲುಬು, ಕಲಾಯಿ: ಲೋಹರಕ್ಷಣೆಯ ಹೊಸ ಲೇಪನಗಳೂ ಗಡಿಸೀಮೆಯ ಪದಗಳೂ

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬಂದಾಗ ಬೀದರ್ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು, ನಿರ್ಣಾ ವಲಯವನ್ನುಳಿದ ಜಹೀರಾಬಾದ್ ತಾಲ್ಲೂಕು, ನ್ಯಾಲ್ಕಲ್ ವಲಯ ಮತ್ತು ಕಲಬುರಗಿ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಇಂದು ಅವು ತೆಲಂಗಾಣದಲ್ಲಿವೆ. ಗಡಿರೇಖೆ ಸರಿದಷ್ಟು ಸುಲಭವಾಗಿ ಮಾತು ಸರಿಯಲಿಲ್ಲ. ಮಳೆಗಾಲದಲ್ಲಿ ಹೊರಗುಳಿದ ಕುಡುಗೋಲಿನ ಮೇಲೆ ಮೂಡುವ ಕೆಂಗಂದು ಪುಡಿಯನ್ನು ಈ ಸೀಮೆಯ ಕನ್ನಡಿಗರು ತುಕ್ಕು ಎಂದೂ ಜಂಗು ಎಂದೂ ಕರೆಯುತ್ತಾರೆ. ಅದೇ ತೆಲುಗಿನಲ್ಲಿ ತುಪ್ಪು, ಉರ್ದುವಿನಲ್ಲಿ ಜಂಗ್.

ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ತಾಮ್ರ, ಹಿತ್ತಾಳೆಗಳಿಗೆ ಹಿಡಿಯುವುದು ಕಿಲುಬು. ಈ ಕಿಲುಬೇ ತೆಲುಗಿನ ಚಿಲುಮು. ಕಿವಿ-ಚೆವಿ, ಕೆರೆ-ಚೆರುವು, ಕೆಯ್-ಚೇಯಿ ಎಂಬ ಜೋಡಿಗಳಲ್ಲಿ ಕಾಣುವ ತಾಲವ್ಯೀಕರಣವೇ ಇಲ್ಲಿಯೂ ಇದೆ: ಇಕಾರ, ಎಕಾರಗಳ ಮುಂದಿನ ಕಕಾರವನ್ನು ಕನ್ನಡ ಉಳಿಸಿಕೊಂಡಿತು, ತೆಲುಗು ಚಕಾರವಾಗಿಸಿತು. ಭಾಷಾಶಾಸ್ತ್ರದ ಪಾಠ ಇಷ್ಟಕ್ಕೆ ನಿಲ್ಲಬಹುದಿತ್ತು. ಆದರೆ ಒಂದಕ್ಕೆ ಎರಡು ಹೆಸರುಗಳಿರುವುದು ಲೋಹಗಳ ಸ್ವಭಾವಕ್ಕೂ ಹೊಂದುತ್ತದೆ. ತುಕ್ಕು ಸಡಿಲವಾದ, ರಂಧ್ರಮಯವಾದ ಪದರ. ಅದು ಉದುರುತ್ತದೆ, ಕೆಳಗಿನ ಹೊಸ ಕಬ್ಬಿಣವನ್ನು ತೇವಕ್ಕೂ ಗಾಳಿಗೂ ಒಡ್ಡುತ್ತದೆ, ಹೀಗೆ ಕೊನೆಯವರೆಗೂ ತಿನ್ನುತ್ತದೆ. ತೆರೆದ ಗಾಳಿಯಲ್ಲಿ ತಾಮ್ರದ ಮೇಲೆ ಬಹುಕಾಲದಲ್ಲಿ ಕೂಡುವ ಹಸಿರು ಪದರವಾದರೋ ಬಿಗಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ವಿಜ್ಞಾನದ ಬರಹಗಳಲ್ಲಿ ಬರುವ ಸಂಕ್ಷಾರಣ ಎಂಬ ಪದ ಎರಡನ್ನೂ ಒಂದೇ ಚೀಲಕ್ಕೆ ಹಾಕುತ್ತದೆ. ಶಾಸ್ತ್ರಕ್ಕೆ ಅದು ಅಗತ್ಯವೇ. ಮನೆಮಾತು ಮಾತ್ರ ಅದಕ್ಕಿಂತ ಸೂಕ್ಷ್ಮವಾಗಿದೆ.

ಅಡುಗೆಮನೆಯ ಕಿಲುಬು ಕಾವಲುಗಾರನಲ್ಲ. ಹುಳಿ ಪದಾರ್ಥದೊಡನೆ ಹೊಟ್ಟೆಗೆ ಸೇರಿದರೆ ಅದು ವಾಂತಿ ತರಿಸುತ್ತದೆ. ಅದಕ್ಕಾಗಿಯೇ ಪಾತ್ರೆಗಳ ಒಳಮೈಗೆ ಕಲಾಯಿ ಹಾಕಿಸುವ ರೂಢಿ ಬಂದಿತು. ಕಲಾಯಿ ಎಂಬುದು ಅರಬ್ಬಿ ಮೂಲದಿಂದ ಉರ್ದುವಿನ ಮೂಲಕ ಕನ್ನಡಕ್ಕೆ ಬಂದ ಮಾತು. ಅದರ ಲೋಹ ತವರ. ತವರಕ್ಕೆ ಅಗ್ಗದ ಸೀಸವನ್ನು ಬೆರೆಸಿದರೆ ಕಾಪಾಡಬೇಕಾದ ಲೇಪವೇ ವಿಷವಾಗುತ್ತದೆ. ತವರ, ಸತು, ಸೀಸ ಮೂರೂ ಬೂದುಬಣ್ಣದ ಲೋಹಗಳು. ಆಡುಮಾತಿನಲ್ಲಿ ಅವುಗಳ ಹೆಸರು ಕಲಸಿಹೋಗುವುದು ಸಾಮಾನ್ಯ. ಚಾವಣಿಗೆ ಹೊದಿಸುವ ತಗಡನ್ನು ‘ಟಿನ್ ಶೀಟು’ ಎನ್ನುತ್ತಾರೆ, ಅದರಲ್ಲಿ ಟಿನ್ ಅಂದರೆ ತವರ ಇರುವುದೇ ಇಲ್ಲ. ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಸತುವಿನಲ್ಲಿ ಅದ್ದಿದ ಉಕ್ಕು ಅದು. ಸತು ಉಕ್ಕನ್ನು ಕಾಯುವ ಬಗೆ ವಿಶಿಷ್ಟವಾದುದು. ಗೀರು ಬಿದ್ದು ಉಕ್ಕು ಬಯಲಾದರೂ ಸತು ತಾನು ಮೊದಲು ಸವೆದು ಉಕ್ಕನ್ನು ಉಳಿಸುತ್ತದೆ.

ಈಗ ಕಾರ್ಖಾನೆಗೆ ಬರಬಹುದು. 1980ರ ದಶಕದಲ್ಲಿ ಜಹೀರಾಬಾದಿನಲ್ಲಿ ಆಲ್ವಿನ್ ನಿಸ್ಸಾನ್ ವಾಹನಗಳ ತಯಾರಿಕೆ ಆರಂಭವಾಯಿತು. ಆ ಕಾರ್ಖಾನೆ ಮುಂದೆ ಮಹೀಂದ್ರ ಸಂಸ್ಥೆಯದಾಯಿತು, ಊರಿಗೆ ಟ್ರ್ಯಾಕ್ಟರ್ ತಯಾರಿಕೆಯೂ ಬಂದಿತು. ನ್ಯಾಲ್ಕಲ್, ಝರಾಸಂಗಮ ಮಂಡಲಗಳಲ್ಲಿ ರಾಷ್ಟ್ರೀಯ ಹೂಡಿಕೆ ಮತ್ತು ತಯಾರಿಕಾ ವಲಯಕ್ಕೆ ಭೂಮಿ ಗುರುತಾಗಿದೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ 12 ಕೈಗಾರಿಕಾ ನಗರಗಳಲ್ಲಿ ಜಹೀರಾಬಾದೂ ಒಂದು. ಉಕ್ಕನ್ನು ಬಳಸುವ ಯಾವ ತಯಾರಿಕೆಗೂ ತುಕ್ಕಿನಿಂದ ಕಾಯುವ ಲೇಪನ ಬೇಕು. ಆದ್ದರಿಂದ ಯಾವ ಲೇಪನ ಎಂಬ ಪ್ರಶ್ನೆ ಈ ಹಳ್ಳಿಗಳ ಪಾಲಿಗೆ ದೂರದ್ದಲ್ಲ.

ಹಳೆಯ ಪದ್ಧತಿಯ ನಾಯಕ ಷಟ್‌ವೇಲೆನ್ಸಿ ಕ್ರೋಮಿಯಂ. ಸತು ಲೇಪಿಸಿದ ಬೋಲ್ಟುಗಳನ್ನು ಅದರ ದ್ರಾವಣದಲ್ಲಿ ಅದ್ದಿದರೆ ಹೊಂಬಣ್ಣದ ತೆಳುಪದರ ಮೂಡುತ್ತದೆ. ಈ ಪದರದ ಹೆಗ್ಗಳಿಕೆ, ಅದು ತನ್ನ ಗಾಯವನ್ನು ತಾನೇ ವಾಸಿಮಾಡಿಕೊಳ್ಳುತ್ತದೆ: ಗೀರು ಬಿದ್ದೆಡೆಗೆ ತೇವದಲ್ಲಿ ಕರಗಿದ ಕ್ರೋಮೇಟು ಹರಿದು ಹೋಗಿ ಮುಚ್ಚುತ್ತದೆ. ಆದರೆ ಹಾಗೆ ನೀರಿನಲ್ಲಿ ಕರಗಿ ಹರಿಯುವ ಗುಣವೇ ಅದರ ದೋಷವೂ ಹೌದು. ತೊಟ್ಟಿಯ ತೊಳೆದ ನೀರಿನೊಡನೆ ಅದು ಮಣ್ಣಿಗೆ, ಬಾವಿಗೆ ಇಳಿಯುತ್ತದೆ. ತೊಟ್ಟಿಯಿಂದೇಳುವ ತುಂತುರನ್ನು ಉಸಿರಾಡುವ ಕಾರ್ಮಿಕನಿಗೆ ಶ್ವಾಸಕೋಶದ ಕ್ಯಾನ್ಸರ್ ತರಬಲ್ಲದು. ಯುರೋಪಿನ ಒಕ್ಕೂಟ ವಾಹನಗಳ ತುಕ್ಕುರಕ್ಷಕ ಲೇಪನಗಳಲ್ಲಿ ಇದರ ಬಳಕೆಗೆ 2007ರ ಜುಲೈ 1ರಿಂದ ತಡೆಯೊಡ್ಡಿತು. ಅಲ್ಲಿಗೆ ಬಿಡಿಭಾಗ ಕಳುಹಿಸುವವರು ಎಲ್ಲಿದ್ದರೂ ಬದಲಾಗಬೇಕಾಯಿತು.

ಬದಲಿಯಾಗಿ ಬಂದುದು ತ್ರಿವೇಲೆನ್ಸಿ ಕ್ರೋಮಿಯಂ. ಅದೇ ಲೋಹ, ಬೇರೆ ಸ್ಥಿತಿ. ವಿಷತ್ವ ಬಹಳ ಕಡಿಮೆ. ಗಾಯ ಮುಚ್ಚುವ ಗುಣ ಅದಕ್ಕಿಲ್ಲವಾದ್ದರಿಂದ ಮೇಲೊಂದು ಮುದ್ರಕ ಪದರ ಕೊಡಬೇಕು, ದ್ರಾವಣದ ಆಮ್ಲೀಯತೆಯನ್ನು ಬಿಗಿಯಾಗಿ ಕಾಯ್ದುಕೊಳ್ಳಬೇಕು. ಅನುವಾದಕ ಎಡವುವ ಜಾಗ ಇದೇ. ಎರಡನ್ನೂ ‘ಕ್ರೋಮಿಯಂ’ ಎಂದಷ್ಟೇ ಬರೆದುಬಿಟ್ಟರೆ ವಿಷಕ್ಕೂ ಅದರ ಪರಿಹಾರಕ್ಕೂ ಒಂದೇ ಹೆಸರಾಗುತ್ತದೆ. ಬಣ್ಣವನ್ನು ನೋಡಿ ಗುರುತಿಸುವಂತೆಯೂ ಇಲ್ಲ: ತ್ರಿವೇಲೆನ್ಸಿ ಪದರಕ್ಕೆ ಹಳದಿ ಬಣ್ಣ ಸೇರಿಸಿ ಹಳೆಯದರಂತೆ ಕಾಣಿಸುವುದುಂಟು.

ಬಣ್ಣದ ಮನೆಯಲ್ಲಿಯೂ ಇದೇ ಕಥೆ. ಸೇತುವೆ, ಗೇಟುಗಳಿಗೆ ಮೊದಲ ಕೈಯಾಗಿ ಬಳಿಯುತ್ತಿದ್ದ ‘ರೆಡ್ ಲೆಡ್’ ಸೀಸದ ಆಕ್ಸೈಡು. ಇಂದು ಅಂಗಡಿಯಲ್ಲಿ ಕೇಳುವ ‘ರೆಡ್ ಆಕ್ಸೈಡ್’ನ ಕೆಂಪು ಕಬ್ಬಿಣದ ಆಕ್ಸೈಡಿನದು. ಇಂಗ್ಲಿಷಿನಿಂದ ಬಂದ ಎರಡನ್ನೂ ‘ಕೆಂಪು ಪ್ರೈಮರ್’ ಎಂದು ಕನ್ನಡಿಸುವವರಿದ್ದಾರೆ. ಭಾರತದಲ್ಲಿ 2016ರ ನಿಯಮಗಳು ಬಣ್ಣದಲ್ಲಿನ ಸೀಸವನ್ನು ದಶಲಕ್ಷಕ್ಕೆ 90 ಭಾಗಕ್ಕೆ ಮಿತಗೊಳಿಸಿವೆ. ಆದರೆ ಅವುಗಳ ಹೆಸರಿನಲ್ಲಿಯೇ ‘ಗೃಹಬಳಕೆಯ ಮತ್ತು ಅಲಂಕಾರಿಕ ಬಣ್ಣಗಳು’ ಎಂದಿದೆ. ಕೈಗಾರಿಕಾ ಬಣ್ಣ ಆ ಮಾತಿನ ಹೊರಗುಳಿಯಿತು. ಎರಡು ವಿಶೇಷಣಗಳು ನಿಯಮದ ವ್ಯಾಪ್ತಿಯನ್ನು ಹೇಗೆ ಕತ್ತರಿಸುತ್ತವೆ ಎಂಬುದಕ್ಕೆ ವ್ಯಾಕರಣದ ತರಗತಿಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ.

ಉಳಿದ ಬದಲಾವಣೆಗಳನ್ನು ಸಂಕ್ಷೇಪವಾಗಿ ಹೇಳಬಹುದು. ಬಣ್ಣಕ್ಕೆ ಮುನ್ನ ಉಕ್ಕನ್ನು ಬಿಸಿಯಾದ ಸತು ಫಾಸ್ಫೇಟ್ ದ್ರಾವಣದಲ್ಲಿ ಅದ್ದುವ ಬದಲು ಜಿರ್ಕೋನಿಯಂನ ಅತಿತೆಳು ಪದರ ಕೊಡುವ ವಿಧಾನವಿದೆ. ಅದಕ್ಕೆ ಕಾಯಿಸುವ ಅಗತ್ಯ ಕಡಿಮೆ, ತಳದಲ್ಲಿ ಕೂಡುವ ಕೆಸರೂ ಕಡಿಮೆ. ಪುಡಿಲೇಪನದಲ್ಲಿ ದ್ರಾವಕವೇ ಇಲ್ಲ, ಉದುರಿದ ಪುಡಿಯನ್ನು ಮರಳಿ ಬಳಸಬಹುದು, ಆದರೆ 180-200 ಡಿಗ್ರಿಯ ಒಲೆಯಲ್ಲಿ ಬೇಯಿಸಬೇಕು. ಹೀಗೆ ಪ್ರತಿಯೊಂದಕ್ಕೂ ಲೆಕ್ಕದ ಎರಡು ಬದಿಗಳಿವೆ. ‘ಪರಿಸರಸ್ನೇಹಿ’ ಎಂಬ ಸಮಾಸವನ್ನು ಜಾಹೀರಾತು ಧಾರಾಳವಾಗಿ ಬಳಸುತ್ತದೆ. ಏನನ್ನು ತೆಗೆದರು, ಏನನ್ನು ಹಾಕಿದರು, ಎಷ್ಟು ವರ್ಷ ಬಾಳುತ್ತದೆ ಎಂದು ಹೇಳದ ಹೊರತು ಆ ಪದಕ್ಕೆ ಅರ್ಥವಿಲ್ಲ. ಬೇಗ ಸುಲಿದು ಬೀಳುವ ಲೇಪನ ಎಷ್ಟೇ ಸ್ನೇಹಿಯಾದರೂ ಉಕ್ಕನ್ನು ಮತ್ತೆ ತಯಾರಿಸಬೇಕಾಗುತ್ತದೆ.

ಜಹೀರಾಬಾದ್ ಸೀಮೆಯಲ್ಲಿ ಈ ಪದವಿವೇಕಕ್ಕೆ ನೀರಿನ ಕಾರಣವೂ ಇದೆ. ಕೋಹೀರ್ ಕಡೆಯಿಂದ ಹೊರಡುವ ನಾರಿಂಜ ಬೀದರ್ ಜಿಲ್ಲೆಗೆ ಹರಿದು ಕಾರಂಜವಾಗುತ್ತದೆ, ಅಣೆಕಟ್ಟು ತುಂಬುತ್ತದೆ, ಮಾಂಜ್ರಾ ನದಿಯನ್ನು ಸೇರುತ್ತದೆ; ಮಾಂಜ್ರಾ ಮತ್ತೆ ತೆಲಂಗಾಣಕ್ಕೆ ಬಂದು ನಾರಾಯಣಖೇಡ ಸೀಮೆಯನ್ನು ಹಾದು ಸಿಂಗೂರು ಜಲಾಶಯಕ್ಕೆ ಇಳಿಯುತ್ತದೆ. ತಾಂಡೂರಿನ ಬದಿಯ ಕಾಗಿಣಾ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ದಂಡೆಯಲ್ಲಿ ಹರಿದು ಭೀಮೆಗೆ ಸೇರುತ್ತದೆ. ಮೇಲ್ಮೈ ಜಲಕ್ಕೆ ಬಿಡುವ ತ್ಯಾಜ್ಯದಲ್ಲಿ ಷಟ್‌ವೇಲೆನ್ಸಿ ಕ್ರೋಮಿಯಂ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದೆಂಬುದು ದೇಶದ ಸಾಮಾನ್ಯ ಮಾನದಂಡ. ಅದನ್ನು ತ್ರಿವೇಲೆನ್ಸಿಗೆ ಇಳಿಸಿ, ಸುಣ್ಣ ಬೆರೆಸಿ ತಳಕ್ಕೆ ಕೂರಿಸುವ ವಿಧಾನ ಹಳೆಯದೇ.

ಹೊಸ ಕಾರ್ಖಾನೆಗಳ ತೊಟ್ಟಿಗಳ ಬಳಿ ನಿಲ್ಲುವವರು ಇದೇ ಸೀಮೆಯ ಯುವಕರಾದರೆ ಅವರ ಮುಂದಿನ ಫಲಕವನ್ನು ಬರೆಯುವವರೂ ಇಲ್ಲಿಯವರೇ ಆಗಬಹುದು. ‘ಕ್ರೋಮಿಯಂಯುಕ್ತ ದ್ರಾವಣದ ಅಸುರಕ್ಷಿತ ನಿರ್ವಹಣೆಯನ್ನು ನಿಷೇಧಿಸಲಾಗಿದೆ’ ಎಂಬ ವಾಕ್ಯದಲ್ಲಿ ವ್ಯಾಕರಣದೋಷವಿಲ್ಲ, ತಿಳಿವಳಿಕೆಯೂ ಇಲ್ಲ. ‘ಈ ತೊಟ್ಟಿಯಲ್ಲಿ ಷಟ್‌ವೇಲೆನ್ಸಿ ಕ್ರೋಮಿಯಂ ಇದೆ. ಬರಿಗೈಯಲ್ಲಿ ಮುಟ್ಟಬೇಡಿ. ಇದರ ತುಂತುರನ್ನು ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ತೊಳೆದ ನೀರನ್ನು ಚರಂಡಿಗೆ ಬಿಡಬೇಡಿ’ ಎಂಬುದು ನಾಲ್ಕು ವಾಕ್ಯ. ಪಕ್ಕದಲ್ಲಿ ಅದೇ ನಾಲ್ಕು ವಾಕ್ಯ ತೆಲುಗಿನಲ್ಲಿ, ಉರ್ದುವಿನಲ್ಲಿ ಇರಬೇಕು. ಮೂರರಲ್ಲಿಯೂ ‘ಷಟ್‌’ ಎಂಬ ಅಂಶ ಬಿಟ್ಟುಹೋಗದಂತೆ ನೋಡಿಕೊಳ್ಳಬೇಕು.